‘ರೈಟ್ ಆಫ್’ ಆದರೆ ಸಾಲ ತೀರಿತೇ?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು. ಬ್ಯಾಂಕಿನ ಕಾಗದ ಮಾತ್ರ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅದರಲ್ಲಿ ಬರುವ ‘ರೈಟ್ ಆಫ್’ ಎಂಬ ಮಾತಿನ ಅರ್ಥವನ್ನು ಇಂದು ತಿಳಿಯೋಣ.

‘ರೈಟ್’ ಎಂದರೆ ಬರೆ. ಅದಕ್ಕೆ ‘ಡೌನ್’ ಸೇರಿದರೆ, ಕೇಳಿದ್ದನ್ನು ಬರೆದುಕೊಳ್ಳುವುದು. ‘ಆಫ್’ ಸೇರಿದರೆ ಅರ್ಥವೇ ತಿರುಗಿ, ಲೆಕ್ಕದಿಂದ ತೆಗೆದುಹಾಕುವುದು ಎಂದಾಗುತ್ತದೆ. ನಮ್ಮಲ್ಲಿಯೂ ‘ಹೊಡೆ’ ಬೇರೆ, ‘ಹೊಡೆದುಹಾಕು’ ಬೇರೆ ಅಲ್ಲವೇ? ಅಪಘಾತವಾದ ಜೀಪಿನ ರಿಪೇರಿ ಖರ್ಚು ಅದರ ಬೆಲೆಯನ್ನೇ ಮೀರುವಂತಿದ್ದರೆ ವಿಮೆಯವರು ‘ರೈಟ್ ಆಫ್’ ಎನ್ನುತ್ತಾರೆ. ‘ಡೋಂಟ್ ರೈಟ್ ಹಿಮ್ ಆಫ್’ ಎಂದರೆ, ಕೆಲಸಕ್ಕೆ ಬಾರದವನೆಂದು ಅವನನ್ನು ಕೈಬಿಡಬೇಡಿ ಎಂದರ್ಥ. ‘ಹಿಮ್’, ‘ಇಟ್’ ಇಂಥ ಸರ್ವನಾಮಗಳು ಎರಡು ಶಬ್ದಗಳ ನಡುವೆಯೇ ಬರಬೇಕೆಂಬುದನ್ನು ಶಾಲೆಯ ಮಕ್ಕಳು ನೆನಪಿಡಲಿ.

ಈಗ ಸಾಲದ ಮಾತು. ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಅದನ್ನು ಬ್ಯಾಂಕಿನವರು ಎನ್‌ಪಿಎ ಎನ್ನುತ್ತಾರೆ. ಅಲ್ಪಾವಧಿ ಬೆಳೆಯ ಸಾಲಕ್ಕೆ ಎರಡು ಹಂಗಾಮುಗಳ ಗಡುವು ಉಂಟು. ಬಹುಕಾಲ ವಸೂಲಾಗದಿದ್ದರೆ ಬ್ಯಾಂಕು ತನ್ನ ಲಾಭದಲ್ಲಿ ಅಷ್ಟು ಹಣ ತೆಗೆದಿರಿಸಿ, ಆ ಸಾಲವನ್ನು ಆಸ್ತಿಯ ಪಟ್ಟಿಯಿಂದ ತೆಗೆಯುತ್ತದೆ. ಇದೇ ರೈಟ್ ಆಫ್. ಇದು ಬ್ಯಾಂಕಿನ ಒಳಲೆಕ್ಕ. ನಿಮ್ಮ ಋಣ ಹಾಗೆಯೇ ಇರುತ್ತದೆ. ನೋಟಿಸು, ದಾವೆ, ವಸೂಲಿ ಯಾವುದೂ ನಿಲ್ಲಬೇಕೆಂದಿಲ್ಲ. ಸಿಬಿಲ್ ವರದಿಯಲ್ಲಿಯೂ ‘ರಿಟನ್ ಆಫ್’ ಎಂದು ಕಾಣುವುದರಿಂದ ಮುಂದೆ ಸಾಲ ಹುಟ್ಟುವುದು ಕಷ್ಟ.

ನಾವು ‘ಸಾಲ ಮನ್ನಾ’ ಎನ್ನುವುದಕ್ಕೆ ತೆಲುಗಿನಲ್ಲಿ ‘ರುಣಮಾಫಿ’, ಇಂಗ್ಲಿಷಿನಲ್ಲಿ ‘ವೇವರ್’. ಅದರಲ್ಲಿ ಸಾಲಗಾರನ ಋಣವೇ ಹರಿಯುತ್ತದೆ. ತೆಲಂಗಾಣ ಸರ್ಕಾರ ರೈತ ಕುಟುಂಬಕ್ಕೆ 2014ರಲ್ಲಿ 1 ಲಕ್ಷ, 2024ರಲ್ಲಿ 2 ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಸಾರಿದ್ದು ಈ ಮನ್ನಾ. ಇದರಲ್ಲಿ ಬ್ಯಾಂಕಿಗೆ ಹಣ ತುಂಬುವುದು ಸರ್ಕಾರ.

ಈ ಎರಡೂ ಒಂದೇ ಎಂದು ತಿಳಿದು ಸಂತೋಷದಿಂದ ಬಂದ ರೈತರನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ಬಹಳ ಕಂಡಿದ್ದೇನೆ. ಆದುದರಿಂದ ಯಾರಾದರೂ ‘ನಿಮ್ಮ ಸಾಲ ರೈಟ್ ಆಫ್ ಆಗಿದೆ’ ಎಂದರೆ, ‘ಮನ್ನಾ ಆಗಿದೆಯೇ? ಇನ್ನೆಷ್ಟು ಬಾಕಿ?’ ಎಂದು ಕೇಳಿರಿ. ಪೂರ್ತಿ ಕಟ್ಟಲಾಗದವರು ಒಂದೇ ಸಲಕ್ಕೆ ತೀರಿಸುವ ಓಟಿಎಸ್ ಸೌಲಭ್ಯ ಉಂಟೋ ಎಂದು ವಿಚಾರಿಸಿ, ಒಪ್ಪಿದ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಸಾಲ ತೀರಿದ ಮೇಲೆ ‘ನೋ ಡ್ಯೂ’ ಪತ್ರವನ್ನೂ ಅಡವಿಟ್ಟ ಕಾಗದಗಳನ್ನೂ ಕೇಳಿ ಪಡೆದು, ಜೋಪಾನವಾಗಿ ಇಟ್ಟುಕೊಳ್ಳಿರಿ.