ದೀಪದ ಹುಳು, ಗೋಡೆಯ ಹಲ್ಲಿ

ಮುಂಗಾರಿನ ಮೊದಲ ಮಳೆ ಸುರಿದು ನಿಂತ ಸಂಜೆ, ಮಂಗಳೂರಿನ ಬಲ್ಮಠದ ಮನೆಗಳ ದೀಪಗಳಿಗೆ ರೆಕ್ಕೆಯ ಗೆದ್ದಲುಗಳು ಮುತ್ತುತ್ತವೆ. ಅವುಗಳ ಬೆನ್ನಿಗೇ ಗೋಡೆಯ ಮೇಲೆ ಹಲ್ಲಿ ಕಾಣಿಸಿಕೊಳ್ಳುತ್ತದೆ. ಹೊರಗೆ ಸಣ್ಣ ಬಾವಲಿಗಳು ಸುಳಿಯುತ್ತವೆ. ಇವೆರಡಕ್ಕೂ ಕೀಟಗಳೇ ಮುಖ್ಯ ಆಹಾರ. ಆಗ ಶ್ರಾವಕನ ಮನದಲ್ಲಿ ಪ್ರಶ್ನೆಯೊಂದು ಮೂಡುವುದು ಸಹಜ: ಒಂದು ಹಲ್ಲಿಯನ್ನು ಇಲ್ಲವಾಗಿಸಿದರೆ ನೂರಾರು ಹುಳುಗಳು ಉಳಿಯುವುದಾದರೆ ಅದು ಅಹಿಂಸೆಯಲ್ಲವೇ?

ಈ ಪ್ರಶ್ನೆ ಹೊಸದಲ್ಲ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದಕ್ಕೆ ನೇರವಾಗಿ ಉತ್ತರಿಸಿದ್ದಾರೆ. ಹಿಂಸ್ರಜೀವಿಯೊಂದನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆಂಬ ಎಣಿಕೆಯಿಂದಲೂ ಕೊಲ್ಲಬಾರದು. ಬದುಕಿದಷ್ಟು ಕಾಲ ಅದು ಪಾಪವನ್ನೇ ಗಳಿಸೀತೆಂಬ ಅನುಕಂಪದಿಂದಲೂ ಕೊಲ್ಲಬಾರದು ಎಂಬುದು ಅವರ ನಿರ್ಣಯ. ‘ತತ್ತ್ವಾರ್ಥಸೂತ್ರ’ದ 7ನೇ ಅಧ್ಯಾಯವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ಹಾಗಾಗಿ ಉಳಿದ ಜೀವಗಳನ್ನು ಎಣಿಸಿ ಕೊಂದ ಕೈಯನ್ನು ತೊಳೆದುಕೊಳ್ಳಲಾಗದು.

ಗೆದ್ದಲು ಮೂರು ಇಂದ್ರಿಯಗಳ ಜೀವಿ, ಪತಂಗ ನಾಲ್ಕು ಇಂದ್ರಿಯಗಳದು, ಹಲ್ಲಿ ಐದರದು. ಇಂದ್ರಿಯಗಳ ಸಂಖ್ಯೆ ಬೇರೆಯಾದರೂ ಬದುಕುವ ಹಂಬಲ ಎಲ್ಲಕ್ಕೂ ಒಂದೇ. ಹಲ್ಲಿಯನ್ನು ಹುಳುವಿನತ್ತ ಒಯ್ಯುವುದು ಆಹಾರಸಂಜ್ಞೆ. ಅದರ ಕರ್ಮಕ್ಕೆ ಅದೇ ಹೊಣೆ, ದಂಡನಾಧಿಕಾರ ಮನುಷ್ಯನಿಗಿಲ್ಲ.

ತಿರ್ಯಂಚ ಗತಿಯೂ ಶಾಶ್ವತವಲ್ಲ. ಭಗವಾನ್ ಮಹಾವೀರರ ಜೀವವೇ ಒಂದು ಪೂರ್ವಭವದಲ್ಲಿ ಬೇಟೆಯಾಡುವ ಸಿಂಹವಾಗಿತ್ತು ಎಂದು ಗುಣಭದ್ರಾಚಾರ್ಯರ ‘ಉತ್ತರಪುರಾಣ’ ತಿಳಿಸುತ್ತದೆ. ಚಾರಣಮುನಿಗಳ ಉಪದೇಶ ಕೇಳಿದ ಆ ಸಿಂಹ ಹಿಂಸೆಯನ್ನು ತೊರೆದು, ಆಹಾರವನ್ನೂ ತ್ಯಜಿಸಿ, ಸಮಾಧಿಮರಣದಿಂದ ದೇವಗತಿಯನ್ನು ಪಡೆಯಿತು. ಅಂದು ಮುನಿಗಳು ಸಿಂಹದಲ್ಲಿ ಕಂಡದ್ದು ಕ್ರೌರ್ಯವನ್ನಲ್ಲ, ಭವ್ಯಜೀವವನ್ನು.

ಹಾಗಾದರೆ ಶ್ರಾವಕನ ಕರ್ತವ್ಯವೇನು? ಹುಳುಗಳನ್ನು ಹಲ್ಲಿಯ ಬಾಯಿಯ ಬಳಿಗೆ ಕರೆತಂದುದು ಮನುಷ್ಯನೇ ಹಚ್ಚಿಟ್ಟ ದೀಪ. ಬೇಡದ ದೀಪವನ್ನು ಆರಿಸುವುದು, ಪಾತ್ರೆಗಳನ್ನು ಮುಚ್ಚಿಡುವುದು, ನೀರನ್ನು ಸೋಸಿ ಬಳಸುವುದು ಅವನ ಕೈಯಲ್ಲಿದೆ. ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 7 ಗಂಟೆಗೆ. ಅದಕ್ಕೆ ಮೊದಲೇ ಊಟ ಮುಗಿಸುವ ಹಿರಿಯರ ನಿಯಮದ ಹಿಂದಿರುವುದೂ ಇದೇ ಎಚ್ಚರ. ರಾತ್ರಿಭೋಜನ ತ್ಯಾಗ ಕೇವಲ ಆಚಾರವಲ್ಲ, ದೀಪಕ್ಕೆ ಬಂದು ಅನ್ನಕ್ಕೆ ಬೀಳುವ ಜೀವಗಳ ರಕ್ಷಣೆ.

ಗೋಡೆಯ ಹಲ್ಲಿಗೆ ವ್ರತ ಬೋಧಿಸುವ ಅಗತ್ಯವಿಲ್ಲ. ವಿವೇಕವಿರುವ ಮನುಷ್ಯ ತನ್ನ ವ್ರತವನ್ನು ತಾನು ಪಾಲಿಸಿದರೆ, ಆ ಸಂಜೆ ಹುಳುವಿಗೂ ಹಲ್ಲಿಗೂ ಆ ಮನೆಯಿಂದ ಅಭಯ ದೊರೆಯುತ್ತದೆ.