ಆನೆಗೆ ಬಣ್ಣ, ‘ಆ’ಗೆ ಏನು?

ತುರ್ವಿಹಾಳದ ಸ್ಟೇಷನರಿ ಅಂಗಡಿಯಲ್ಲಾಗಲಿ, ಸಿಂಧನೂರಿನ ಪೇಟೆಯಲ್ಲಾಗಲಿ ಸಿಗುವ ಬಣ್ಣ ತುಂಬುವ ಪುಸ್ತಕಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಮೂಲೆಯಲ್ಲೊಂದು ‘ಆ’, ಪುಟದ ತುಂಬ ಆನೆ. ನಾಲ್ಕು ವರ್ಷದ ಕೂಸು ಅರ್ಧ ತಾಸು ಕೂತು ಆನೆಯ ಮೈಗೆಲ್ಲ ನೀಲಿ ಬಳಿಯುತ್ತದೆ, ಸೊಂಡಿಲಿಗೆ ಹಸಿರು, ಕಣ್ಣಿಗೆ ಕೆಂಪು. ‘ಆ’ ಮಾತ್ರ ಬೆಳ್ಳಗೇ ಉಳಿಯುತ್ತದೆ. ‘ಇದೇನವ್ವಾ?’ ಅಂದರೆ ‘ಆನಿ’ ಅನ್ನುತ್ತದೆ. ಉತ್ತರವೇನೋ ಸರಿ, ಆದರೆ ಅದು ಓದಿದ್ದಲ್ಲ. ಚಿತ್ರದ ಮೇಲೆ ಅಂಗೈ ಮುಚ್ಚಿ ಅದೇ ಪ್ರಶ್ನೆ ಕೇಳಿ ನೋಡಿ.

ಬಣ್ಣ ಬಳಿದರೆ ಲಾಭವಿಲ್ಲ ಅಂತಲ್ಲ. ಬೆರಳಿಗೆ ಹಿಡಿತ ಬರುತ್ತದೆ, ಒಂದು ಕಡೆ ಕೂರುವ ರೂಢಿಯಾಗುತ್ತದೆ. ಆದರೆ ಅಕ್ಷರದ ಗುರುತು ಹತ್ತಬೇಕಾದರೆ ಬಣ್ಣ ಕೂಸಿನ ಕಣ್ಣನ್ನು ಸರಿಯಾದ ಜಾಗಕ್ಕೆ ಎಳೆಯಬೇಕು. ಕನ್ನಡದ ಮಟ್ಟಿಗೆ ಆ ಜಾಗ ಬಹಳ ಚಿಕ್ಕದು.

‘ಬ’ ತಗೊಳ್ಳಿ. ನೆತ್ತಿಗೆ ತಲೆಕಟ್ಟು ಬಂದರೆ ಹೆಚ್ಚುಕಡಿಮೆ ‘ವ’. ‘ವ’ದ ಬಲಕ್ಕೆ ಕೊಂಬು ಸೇರಿದರೆ ‘ಮ’. ‘ವು’ ಬರೆಯುವಾಗ ಕೊಂಬನ್ನು ಬಲಕ್ಕೆ ಬಿಡದೆ ಕೆಳಕ್ಕೆ ಇಳಿಸುತ್ತೇವಲ್ಲ, ಬಲಕ್ಕೆ ಬಿಟ್ಟರೆ ಅದು ‘ಮ’ದಂತೆಯೇ ಕಾಣುತ್ತದೆ. ‘ಪ’ದ ಹೊಟ್ಟೆ ಸೀಳಿದರೆ ‘ಷ’, ‘ದ’ದ ಬುಡಕ್ಕೆ ಗೀಟು ಬಿದ್ದರೆ ‘ಧ’. ಇವೆಲ್ಲ ಒಂದೇ ಮನೆಯ ಅಣ್ಣತಮ್ಮಂದಿರಂತೆ. ಹೊರಗಿನವರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ತುರ್ವಿಹಾಳಕ್ಕೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದ ಬ್ರಾಹ್ಮಿ ಲಿಪಿಯಲ್ಲಿ ಈ ತೊಡಕಿಲ್ಲ. ಅಲ್ಲಿ ‘ಬ’ ಅಂದರೆ ಒಂದು ಚೌಕ, ‘ವ’ ಅಂದರೆ ದುಂಡಿನ ಮೇಲೆ ನೆಟ್ಟ ಕಡ್ಡಿ, ‘ಮ’ ಅಂದರೆ ದುಂಡಿನ ಮೇಲೊಂದು ಕವಲು. ಶತಮಾನಗಳು ಉರುಳಿದಂತೆ ಎಲ್ಲವೂ ದುಂಡಾಗಿ ಒಂದರಂತೆ ಒಂದಾದವು. ಅಶೋಕನ ಕಾಲದ ಕೂಸುಗಳು ಪುಣ್ಯವಂತರು!

ಹಾಗಾಗಿ ಇಡೀ ಅಕ್ಷರದ ಒಳಗೆ ಬಣ್ಣ ತುಂಬಿಸುವುದಕ್ಕಿಂತ, ಬೇರೆ ಮಾಡುವ ಆ ತುಣುಕಿಗಷ್ಟೇ ತುಂಬಿಸುವುದು ಮೇಲು. ‘ಮ’ವನ್ನು ಪೆನ್ಸಿಲ್ಲಿನಲ್ಲಿ ತೆಳ್ಳಗೆ ಬರೆದುಕೊಟ್ಟು, ಕೊಂಬಿಗೆ ಮಾತ್ರ ಕೆಂಪು ಹಚ್ಚಲು ಹೇಳಿ. ಬ, ವ, ಮ ಮೂರನ್ನೂ ಕಲಸಿ ಒಂದು ಸಾಲು ಬರೆದು ‘ವ ಎಲ್ಲೆಲ್ಲಿ ಕೂತದ, ಅದಕ್ಕಷ್ಟೇ ಹಳದಿ ಹಚ್ಚು’ ಅನ್ನಿ. ಆಗ ಕೂಸು ಪ್ರತಿ ಅಕ್ಷರದ ಮುಂದೆಯೂ ನಿಲ್ಲಬೇಕಾಗುತ್ತದೆ. ಇಲ್ಲೊಂದು ಎಚ್ಚರಿಕೆ: ‘ವ’ಕ್ಕೆ ಹಳದಿಯನ್ನೇ ಕಾಯಂ ಮಾಡಬೇಡಿ. ನಾಳೆ ಬೇರೆ ಬಣ್ಣ ಕೊಡಿ. ಇಲ್ಲದಿದ್ದರೆ ಕೂಸು ಹಳದಿಯನ್ನು ಗುರುತಿಸುತ್ತದೆ, ಅಕ್ಷರವನ್ನಲ್ಲ.

ಒಂದರಂತೊಂದು ಕಾಣುವ ಅಕ್ಷರಗಳನ್ನು ಪಕ್ಕಪಕ್ಕದಲ್ಲಿಟ್ಟು ಕಲಿಸುವ ಈ ಗುಟ್ಟನ್ನು ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಅರಿತದ್ದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದ ಶಿಕ್ಷಕರ ಕೈಯಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ತುಂಬ ಹಬ್ಬಿತು. ಅಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಐದು ಅಕ್ಷರ ಕಲಿತ ಕೂಡಲೇ ಸರ, ಅರಸ, ಅಗಸ, ಗರಗಸ ಓದಬಹುದು. ಎರಡನೇ ಗುಂಪಿನಲ್ಲಿ ಜ, ವ, ಮ, ಬ, ನ. ಆ ಮೂವರು ಅಣ್ಣತಮ್ಮಂದಿರೂ ಒಟ್ಟಿಗೇ ಬರುತ್ತಾರೆ. ಅಂಗಡಿಯ ಪುಸ್ತಕ ಮಾತ್ರ ಇವತ್ತಿಗೂ ವರ್ಣಮಾಲೆಯ ಸಾಲು ಬಿಟ್ಟು ಕದಲಿಲ್ಲ.

ಸಿಂಧನೂರು ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಡಿದು ಬಂದ ಆಂಧ್ರದ ರೈತರ ಕ್ಯಾಂಪುಗಳು ಇಲ್ಲೇ ಇವೆ. ತೆಲುಗು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಲೆಕಟ್ಟು ಸರಿಗುರುತಿನಂತೆ ಮೇಲಕ್ಕೆದ್ದಿರುತ್ತದೆ. ಶಾಲೆಯ ಹಲಗೆಯ ಮೇಲೆ ಅದೇ ತಲೆಕಟ್ಟು ಅಡ್ಡ ಮಲಗಿ ಬಲತುದಿಯಲ್ಲಿ ಸುರುಳಿಯಾಗುತ್ತದೆ. ಆ ಮನೆಯ ಕೂಸಿನ ಕೈಯಲ್ಲಿ ಬಣ್ಣ ಹಚ್ಚಿಸಬೇಕಾದದ್ದು ತಲೆಕಟ್ಟಿಗೆ.

ಅವಸರ ಮಾತ್ರ ಬೇಡ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಗಳು ಪೂರ್ತಿ ಮೈಗೂಡಲು ಮೂರು-ನಾಲ್ಕನೇ ತರಗತಿಯವರೆಗೂ ಕಾಲ ಹಿಡಿಯುತ್ತದೆ. ಎಲ್‌ಕೆಜಿ ಮುಗಿಯುವುದರೊಳಗೆ ಕಾಗುಣಿತ ಒಪ್ಪಿಸಲಿಲ್ಲವೆಂದು ಬೈಯುವ ಅಪ್ಪ-ಅಮ್ಮ ಇದನ್ನು ಕೇಳಿಸಿಕೊಳ್ಳಬೇಕು. ಬಣ್ಣ ಹಚ್ಚಿದರಷ್ಟೇ ಸಾಲದು, ಬರೆಯಲೂ ಬೇಕು. ಇಂಡಿಯಾನಾ ವಿಶ್ವವಿದ್ಯಾಲಯದ ಕರಿನ್ ಜೇಮ್ಸ್ 2012ರಲ್ಲಿ ಇನ್ನೂ ಓದು ಬಾರದ ಐದು ವರ್ಷದ ಮಕ್ಕಳ ಮೆದುಳಿನ ಚಿತ್ರ ತೆಗೆದು ನೋಡಿದರು. ತಾವೇ ಕೈಯಾರೆ ಬರೆದ ಅಕ್ಷರ ಕಂಡಾಗ ಓದಿಗೆ ಸಂಬಂಧಪಟ್ಟ ಭಾಗಗಳು ಚುರುಕಾದವು. ಗೆರೆ ಮೇಲೆ ತಿದ್ದಿದ, ಕೀಲಿ ಒತ್ತಿ ಮೂಡಿಸಿದ ಅಕ್ಷರಕ್ಕೆ ಅಷ್ಟು ಚುರುಕಾಗಲಿಲ್ಲ. ಸೊಟ್ಟಗಾದರೂ ಕೂಸು ತಾನೇ ಬರೆಯಬೇಕು, ಬಣ್ಣ ಆಮೇಲೆ.

ಕ್ರೇಯಾನ್ ಪೆಟ್ಟಿಗೆ ಇಲ್ಲದ ಅಂಗನವಾಡಿಯಲ್ಲೂ ಬೇರೆ ಮಾಡುವ ತುಣುಕನ್ನು ಎತ್ತಿ ತೋರಿಸುವ ಈ ಆಟ ನಡೆಯುತ್ತದೆ. ಪಾಟಿಯ ಮೇಲೆ ಬಿಳಿ ಬಳಪದಲ್ಲಿ ‘ವ’, ಹೆಂಚಿನ ಚೂರಿನಲ್ಲಿ ಕೊಂಬು. ಉಸುಕಿನಲ್ಲಿ ಬೆರಳಾಡಿಸಿ ‘ಪ’, ಅದರ ಹೊಟ್ಟೆಯಲ್ಲಿ ಹುಣಸೆಬೀಜದ ಸಾಲು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದ ಎರೆಮಣ್ಣು ಮನೆಮನೆಯಲ್ಲೂ ಇರುತ್ತದೆ. ಅದನ್ನು ಹಗ್ಗದ ಹಾಗೆ ಹೊಸೆದು ‘ವ’ ಮಾಡಿಸಿ, ಕೊಂಬನ್ನು ಬೇರೆ ಹೊಸೆದು ಕೈಗೆ ಕೊಡಿ. ಅಂಟಿಸಿದರೆ ‘ಮ’, ಕಿತ್ತರೆ ಮತ್ತೆ ‘ವ’. ಒಣಗಿದ ಮೇಲೆ ಬೇಕಾದ ಬಣ್ಣ ಹಚ್ಚಿಕೊಳ್ಳಲಿ.