ಚಕ್ರಕ್ಕೆ ಅಂಟಿದ ಕಪ್ಪು ಧೂಳು

ದೀಪಾವಳಿ ಬಂತೆಂದರೆ ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯಿಂದ ಜನ, ವಾಹನಗಳು ಬಂದು ಸೇರುತ್ತವೆ. ಅಂಥ ಪ್ರಯಾಣ ಮುಗಿಸಿ ಮನೆಯಲ್ಲಿ ಕಾರು ತೊಳೆಯುವಾಗ ಒಮ್ಮೆ ಗಮನಿಸಿ. ರಸ್ತೆಯ ಧೂಳು ನೀರಿಗೆ ಹೋಗುತ್ತದೆ; ಮುಂದಿನ ಚಕ್ರಗಳ ಕಪ್ಪು ಪುಡಿ ಮಾತ್ರ ಬೇಗ ಬಿಡುವುದಿಲ್ಲ. ಅದು ಬ್ರೇಕಿನ ಧೂಳು.

ಬ್ರೇಕ್ ತುಳಿದಾಗ ಎರಡು ಪ್ಯಾಡುಗಳು ತಿರುಗುವ ಡಿಸ್ಕನ್ನು ಹಿಡಿಯುತ್ತವೆ. ಓಟದ ಶಕ್ತಿ ಶಾಖವಾಗುತ್ತದೆ, ಪ್ಯಾಡೂ ಡಿಸ್ಕೂ ಸ್ವಲ್ಪ ಸ್ವಲ್ಪವೇ ಸವೆಯುತ್ತವೆ. ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೆ ಕೆಲಸ ಹೆಚ್ಚು.

1888ರಲ್ಲಿ ಬರ್ತಾ ಬೆಂಜ್ ಎಂಬ ತಾಯಿ ಇಬ್ಬರು ಮಕ್ಕಳೊಡನೆ ಜರ್ಮನಿಯಲ್ಲಿ ಕಾರಿನಲ್ಲಿ ದೂರ ಪ್ರಯಾಣ ಹೊರಟರು. ದಾರಿಯಲ್ಲಿ ಮರದ ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದರು. ಮುಂದೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬಂತು. ಶಾಖ ತಾಳುತ್ತಿತ್ತು, ಅಗ್ಗವೂ ಆಗಿತ್ತು. ಆದರೆ ಅದರ ಧೂಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ತಿಳಿಯಿತು. ಯುರೋಪ್ ಒಕ್ಕೂಟ 2005ರಲ್ಲಿ ಅದನ್ನು ನಿಷೇಧಿಸಿತು.

ಇಂದು ಮುಖ್ಯವಾಗಿ ಮೂರು ಬಗೆಯ ಪ್ಯಾಡುಗಳಿವೆ. ನಾರು, ರಬ್ಬರು, ರಾಳ ಸೇರಿಸಿ ಮಾಡಿದ ಆರ್ಗ್ಯಾನಿಕ್ ಮೃದು, ಸದ್ದು ಕಡಿಮೆ. ಆದರೆ ಬೇಗ ಸವೆಯುತ್ತದೆ, ಹೆಚ್ಚು ಕಾದರೆ ಹಿಡಿತ ಬಿಡುತ್ತದೆ. ಉಕ್ಕಿನ ನಾರು, ಲೋಹದ ಪುಡಿ ಬೆರೆತ ಸೆಮಿ ಮೆಟಾಲಿಕ್ ಶಾಖ ಚೆನ್ನಾಗಿ ತಾಳುತ್ತದೆ. ಕಪ್ಪು ಧೂಳೂ ಸದ್ದೂ ಹೆಚ್ಚು, ಡಿಸ್ಕೂ ಬೇಗ ಸವೆಯುತ್ತದೆ. ಸೆರಾಮಿಕ್‌ನ ಧೂಳು ಕಡಿಮೆ, ಬಣ್ಣವೂ ತಿಳಿ. ಬೆಲೆ ಮಾತ್ರ ಹೆಚ್ಚು.

ಹಾಗಾದರೆ ಯಾವುದು ಒಳ್ಳೆಯದು? ಸೊಲ್ಲಾಪುರ, ವಿಜಯಪುರದ ಬಯಲು ರಸ್ತೆಯಲ್ಲಿ ಯಾವುದಾದರೂ ನಡೆದೀತು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಶಾಖ ತಾಳುವ ಗುಣವೇ ಮುಖ್ಯ. ಅಲ್ಲಿ ಸದಾ ಬ್ರೇಕ್ ಒತ್ತಿಕೊಂಡಿರದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಚಕ್ರ ಚೊಕ್ಕವಾಗಿರಲೆಂಬ ಒಂದೇ ಆಸೆಗೆ ಪ್ಯಾಡ್ ಬದಲಿಸಬೇಡಿ. ನಿಮ್ಮ ಕಾರಿಗೆ ತಯಾರಕರು ಹೇಳಿದ ಬಗೆಯನ್ನೇ ಹಾಕಿಸಿ. ಎಡಬಲ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಿ.

ಇನ್ನೊಂದು ಮಾತು. ಗ್ಯಾರೇಜಿನಲ್ಲಿ ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸುವುದನ್ನು ಕಂಡರೆ ಬೇಡವೆನ್ನಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಆ ಗಾಳಿಯನ್ನು ಮೊದಲು ಉಸಿರಾಡುವವನು ಅಲ್ಲಿ ಕೆಲಸ ಮಾಡುವ ಹುಡುಗ. ಅವನೂ ಒಂದು ಮನೆಯ ಮಗನೇ.